ಸೌತ್ ಹೇವನ್‌ನಲ್ಲಿ ನೆಲಮಹಡಿಯ ಕೋಣೆ

ಶಿಕಾಗೊದ ಹೋಟೆಲು ಬಿಟ್ಟಾಗ ಬೆಳಿಗ್ಗೆ ಒಂಬತ್ತೂವರೆ. ಎರಡು ದಿನ ಆ ಊರೆಲ್ಲ ಸುತ್ತಿದ್ದೆವು. ಏನೇನು ನೋಡಿದಿರಿ ಎಂದು ಕೇಳಿದರೆ ನನಗೆ ಈಗ ಸರಿಯಾಗಿ ಹೇಳಲು ಬರುವುದಿಲ್ಲ. ನನ್ನ ಗಂಡ ಹರೀಶ ಸೂಟ್‌ಕೇಸುಗಳನ್ನು ಕಾರಿನಲ್ಲಿಟ್ಟು, ಡೆವಾನ್ ರಸ್ತೆಯಲ್ಲಿ ಕಟ್ಟಿಸಿಕೊಂಡಿದ್ದ ಇಡ್ಲಿಯ ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟ. ಮುಂದಿನ ಊರು ಸೌತ್ ಹೇವನ್, ಮಿಷಿಗನ್ ಸರೋವರದ ಆಚೆ ದಡದಲ್ಲಿ. ನೂರಿಪ್ಪತ್ತು ಮೈಲಿ, ಎರಡು ಗಂಟೆಯ ದಾರಿ.

ಈ ಪ್ರವಾಸ ಗೊತ್ತು ಮಾಡಿದ್ದು ಜೂನ್‌ನಲ್ಲಿ. ಆಗ ನನಗೆ ನಾಲ್ಕು ತಿಂಗಳು. ಮಗು ಬಂದಮೇಲೆ ಎಲ್ಲೂ ಹೋಗಲಾಗುವುದಿಲ್ಲ, ಮೊದಲೇ ಒಂದು ಸುತ್ತು ಹಾಕಿ ಬರೋಣ ಎಂದು ಹರೀಶನೇ ಹೊರಡಿಸಿದ್ದ. ಜುಲೈ ಕೊನೆಯಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು. ಸೆಪ್ಟೆಂಬರ್ ಬಂದಾಗ ಪ್ರವಾಸ ಬೇಡ ಎನ್ನುವ ಮಾತನ್ನು ಇಬ್ಬರೂ ಎತ್ತಲಿಲ್ಲ. ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯಲ್ಲಿ ಎದುರುಬದುರು ಕೂರುವುದಕ್ಕಿಂತ ಕಾರಿನಲ್ಲಿ ಅಕ್ಕಪಕ್ಕ ಕೂರುವುದು ಸುಲಭ ಅನ್ನಿಸಿತ್ತು.

ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳನ್ನು ದಾಟಿದೆವು. ಮಿಷಿಗನ್ ಗಡಿಯಲ್ಲಿ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಹರೀಶ ಅದನ್ನು ಹೇಳಿದ, ಮಳೆ ಬರಬಹುದು ಅಂದ. ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದವನು, ಮೈಸೂರಿಗೆ ಫೋನ್ ಮಾಡಿ ನನ್ನ ಅಮ್ಮನಿಗೆ ತಿಳಿಸಿದವನು, ಸ್ನೇಹಿತರಿಗೆಲ್ಲ ಮೆಸೇಜ್ ಹಾಕಿದವನು ಅವನೇ. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಸಿಟ್ಟಿತ್ತು.

ಹೆದ್ದಾರಿಯಿಂದ ಎಕ್ಸಿಟ್ ಇಪ್ಪತ್ತರಲ್ಲಿ ಇಳಿದು ಊರು ಸೇರಿದಾಗ ಒಂದು ಗಂಟೆ. ನಾವು ಇಳಿದುಕೊಂಡದ್ದು ಬೀಚಿನಿಂದ ಐದು ನಿಮಿಷದ ನಡಿಗೆಯ ದೂರದಲ್ಲಿದ್ದ ಹಳೆಯ ಮರದ ಮನೆ. ಅದನ್ನು ನಡೆಸುವ ಕ್ಯಾರೊಲ್‌ಗೆ ಎಪ್ಪತ್ತು ದಾಟಿರಬೇಕು. ನಾನು ಸೂಟ್‌ಕೇಸಿಗೆ ಕೈ ಹಾಕಿದ್ದನ್ನು ಕಂಡು ಮೆಟ್ಟಿಲಿಳಿದು ಓಡಿಬಂದಳು.

"ಅಯ್ಯೋ, ನೀವು ಎತ್ತಬೇಡಿ! ಕೊಡಿ ಇಲ್ಲಿ," ಎಂದು ಕಿತ್ತುಕೊಂಡಳು. "ನೀವು ಕೇಳಿದ ಹಾಗೆ ನೆಲಮಹಡಿಯ ಕೋಣೆಯನ್ನೇ ಇಟ್ಟಿದ್ದೀನಿ."

ಕೋಣೆಯ ಬಾಗಿಲು ತೆರೆದುಕೊಟ್ಟು ಅವಳು ಅಡುಗೆಮನೆಗೆ ಹೋದಳು. ಹಾಸಿಗೆಯ ಮೇಲೆ ಒರಗಿಕೊಳ್ಳಲು ನಾಲ್ಕು ದಿಂಬು. ಅವುಗಳ ನಡುವೆ ಒಂದು ಕಾರ್ಡು: 'ನಿಮ್ಮ ಮೂವರಿಗೂ ಸ್ವಾಗತ.' ಪಕ್ಕದಲ್ಲಿ ಕೈಯಲ್ಲಿ ಹೆಣೆದ ಹಳದಿ ಉಲ್ಲನ್ ಟೋಪಿ, ನನ್ನ ಮುಷ್ಟಿಯಷ್ಟು.

"ಬುಕ್ ಮಾಡುವಾಗ ನಾನೇ ಬರೆದಿದ್ದೆ," ಅಂದ ಹರೀಶ. "ಹೆಂಡತಿ ಪ್ರೆಗ್ನೆಂಟ್, ಮೆಟ್ಟಿಲು ಬೇಡ ಅಂತ. ಮರೆತೇಬಿಟ್ಟೆ, ವಿದ್ಯಾ. ಎಲ್ಲರಿಗೂ ಹೇಳಿದೆ, ಇವರಿಗೆ ಹೇಳೋದು ಮರೆತುಬಿಟ್ಟೆ."

ಅಲ್ಲೇ ನೆಲದ ಮೇಲೆ ಕುಸಿದು ಕೂತ. ಹಾಸಿಗೆಯ ಅಂಚಿಗೆ ಹಣೆ ಒತ್ತಿ ಅತ್ತ. ಏಳು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ನಾನು ಕೇಳಿರಲಿಲ್ಲ. ಕೆಮ್ಮಿನ ಹಾಗೆ, ಉಸಿರು ಸಿಕ್ಕಿಕೊಂಡ ಹಾಗೆ ಇತ್ತು. ನಾನು ಬಾಗಿಲು ಮುಚ್ಚಿ ಅವನ ಬೆನ್ನಿನ ಮೇಲೆ ಕೈಯಿಟ್ಟು ಕೂತೆ. ಸಿಟ್ಟು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಅವನು ಸುಧಾರಿಸಿಕೊಂಡ ಮೇಲೆ ಅಡುಗೆಮನೆಗೆ ನಾನೇ ಹೋದೆ. ಅಲ್ಲಿಯವರೆಗೆ ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ನಮ್ಮ ಮಗು ಉಳಿಯಲಿಲ್ಲ," ಅಂದೆ.

ಕ್ಯಾರೊಲ್ ಪಾತ್ರೆ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಇನ್ನೂ ಒದ್ದೆಯಾಗಿತ್ತು. "ನಾನು ಏನು ಮಾಡಿಬಿಟ್ಟೆ! ಟೋಪಿ ತೆಗೆದುಬಿಡ್ತೀನಿ," ಅಂದಳು.

"ಬೇಡ. ಅವಳಿಗೆ ಅಂತ ಹೆಣೆದದ್ದು. ನಮ್ಮ ಹತ್ತಿರವೇ ಇರಲಿ," ಅಂದೆ.

ಸಂಜೆ ಇಬ್ಬರೂ ನೀರಿನೊಳಕ್ಕೆ ಚಾಚಿಕೊಂಡ ಕಟ್ಟೆಯ ಮೇಲೆ ನಡೆದೆವು. ಅದರ ತುದಿಯಲ್ಲಿ ಕೆಂಪು ದೀಪಸ್ತಂಭ. ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ನ ಚಳಿ, ಜೋರು ಗಾಳಿ. ಆಚೆ ದಡ ಕಾಣದ ಈ ನೀರನ್ನು ಸರೋವರ ಅನ್ನಲು ಮನಸ್ಸು ಒಪ್ಪುವುದಿಲ್ಲ. ಅಲೆಗಳು ಸಮುದ್ರದ ಹಾಗೇ ಕಟ್ಟೆಗೆ ಬಡಿದು ನಮ್ಮ ಶೂ ತೋಯಿಸಿದವು.

"ನಾನು ಒಂದು ಹೆಸರು ಇಟ್ಕೊಂಡಿದ್ದೆ," ಅಂದ ಹರೀಶ. "ಆಫೀಸಿಗೆ ಡ್ರೈವ್ ಮಾಡ್ತಾ ಒಬ್ಬನೇ ಕರೀತಿದ್ದೆ. ನೀನು ನಗ್ತೀಯ ಅಂತ ಹೇಳಲಿಲ್ಲ."

"ಏನು ಹೆಸರು?"

ಅವನು ಹೇಳಿದ್ದು ಗಾಳಿಯಲ್ಲಿ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದ. "ಸರೋಜಾ!"

ನಾನು ನಕ್ಕೆ. "ಈ ಕಾಲದಲ್ಲಿ ಯಾರಾದ್ರೂ ಸರೋಜಾ ಅಂತ ಇಡ್ತಾರೇನೋ?"

"ನಂಗಿಷ್ಟ," ಅಂದ.

ನನ್ನ ನಗು ಅರ್ಧಕ್ಕೇ ಅಳುವಾಯಿತು. ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ನಮ್ಮನ್ನು ನೋಡಿ ಮುಖ ಆಚೆ ತಿರುಗಿಸಿ ಕೂತ.

ಮರುದಿನ ತಿಂಡಿ ಮುಗಿಸಿ ಹೊರಟೆವು. ಕ್ಯಾರೊಲ್ ಮೆಟ್ಟಿಲ ಮೇಲೆ ನಿಂತು, ರಸ್ತೆ ತಿರುಗುವವರೆಗೂ ಕೈ ಬೀಸದೆ ಸುಮ್ಮನೆ ನೋಡುತ್ತಿದ್ದಳು. ಮನೆಗೆ ಸುಮಾರು ಇನ್ನೂರು ಮೈಲಿ. ಲ್ಯಾನ್ಸಿಂಗ್ ದಾಟುವವರೆಗೂ ಸರೋಜಳ ಮಾತೇ. ಅವಳಿಗೆ ಯಾರ ಮೂಗು ಬರುತ್ತಿತ್ತು, ಶಾಲೆಯ ಬಸ್ಸು ನಮ್ಮ ಬಡಾವಣೆಯ ಯಾವ ಮೂಲೆಯಲ್ಲಿ ನಿಲ್ಲುತ್ತಿತ್ತು ಎಂದೆಲ್ಲ.

"ನಾವು ಕನ್ನಡದಲ್ಲಿ ಕರೆದ್ರೆ ಅವಳು ಇಂಗ್ಲಿಷ್‌ನಲ್ಲೇ ಉತ್ತರ ಕೊಡ್ತಿದ್ಲು, ನೋಡು. ಇಲ್ಲಿನ ಮಕ್ಕಳೆಲ್ಲ ಹಾಗೇ," ಅಂದ ಹರೀಶ.

"ಇಲ್ಲ," ಅಂದೆ. "ಸರೋಜಾ ಕನ್ನಡದಲ್ಲೇ ಓ ಅಂತಿದ್ಲು."