ಅನುಮೋದಿಸುವ ಇನ್ನೊಬ್ಬರು

ಗ್ರಾಮಸಭೆಯಲ್ಲಿ ಮಾತಾಡುವವರಿಗೆ ನಿಯಮಗಳನ್ನು ಮೊದಲೇ ಓದಿ ಹೇಳಿದರು. ಹೆಸರು, ವಾರ್ಡ್ ತಿಳಿಸಬೇಕು. ಒಬ್ಬರಿಗೆ ಮೂರು ನಿಮಿಷ. ಬೇಡಿಕೆ ನಿರ್ಣಯವಾಗಬೇಕಾದರೆ ಅದನ್ನು ಅನುಮೋದಿಸುವ ಇನ್ನೊಬ್ಬರು ಬೇಕು. ಮೂರನ್ನೂ ಡೈರಿಯಲ್ಲಿ ಬರೆದುಕೊಂಡೆ. ಮೊದಲೆರಡು ನನಗೆ ಕಷ್ಟವಿರಲಿಲ್ಲ.

ಕೊಯಿಲದಾಚೆಯ ಈ ಊರಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಇರುವುದು ಬಾಡಿಗೆ ಕೋಣೆ, ಕೆಲಸ ದರ್ಬೆ ಪೇಟೆಯ ಅಂಗಡಿಯಲ್ಲಿ. ಮತದಾರರ ಪಟ್ಟಿಗೂ ಇಲ್ಲೇ ಹೆಸರು ಸೇರಿಸಿಕೊಂಡಿದ್ದೆ. ಸಂಜೆ ಐದೂವರೆಗೆ ಬಸ್ಸಿಳಿದರೆ ಪಂಚಾಯತಿನ ಗ್ರಂಥಾಲಯ ಏಳರವರೆಗೆ ತೆರೆದಿರುತ್ತಿತ್ತು. ಇನ್ನು ಐದಕ್ಕೇ ಮುಚ್ಚುವುದೆಂದು ನೋಟಿಸು ಬಂತು. ಮೊದಲಿನಂತೆ ಇರಲಿ ಎಂದು ಕೇಳಲು ಹೋಗಿದ್ದೆ.

ಅಂದು ಮೈಕಿನ ಮುಂದೆ ಬಂದವರು ಹನ್ನೊಂದು ಮಂದಿ. ರಸ್ತೆ ಆರು, ನೀರು ಮೂರು, ಮೋರಿ ಒಂದು, ಗ್ರಂಥಾಲಯ ಒಂದು. ಐದರ ನಂತರ ಎಷ್ಟು ಜನ ಬರುತ್ತಾರೆ ಎಂದು ಸಭೆ ನಡೆಸುವ ಅಧಿಕಾರಿ ಕೇಳಿದರು. ಓದುಗರ ಪುಸ್ತಕ ನೋಡಿ ಲೆಕ್ಕ ಬರೆದೇ ತಂದಿದ್ದೆ. ಹಿಂದಿನ ತಿಂಗಳು ಇಪ್ಪತ್ತೊಂದು ಸಹಿ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು.

"ಇಪ್ಪತ್ತೊಂದೂ ನನ್ನದೇ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. "ಒಬ್ರಿಗೋಸ್ಕರ ಲೈಟು, ಫ್ಯಾನು ಹಾಕ್ಲಿಕ್ಕುಂಟಾ ಮಾರಾಯ್ರೆ?" ಎಂದರು ಯಾರೋ.

ಕೋಣೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ, ಎದುರಿಗೊಬ್ಬರು ಇರುವಲ್ಲಿ ಸುಮ್ಮನೆ ಕೂರುವುದು ಬೇರೆ. ಅದನ್ನು ಮೈಕಿನಲ್ಲಿ ಹೇಳಲಾಗಲಿಲ್ಲ. ಅನುಮೋದಕರು ಯಾರು ಎಂದು ಅಧಿಕಾರಿ ಎರಡು ಸಲ ಕೇಳಿದರು. ಸಭೆಯಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ.

ಆಗ ಎದ್ದವರು ಹಳ್ಳ ದಾಟಲು ಮೋರಿ ಕೇಳಿದ್ದ ರಬ್ಬರು ತೋಟದ ಹಿರಿಯರು. "ನನ್ನ ಹೆಸ್ರು ಬರೀರಿ ಸರ್. ನನ್ನ ಮೋರಿಯ ಆಚೆ ಸಹ ಒಂದೇ ಮನೆ ಇರುದು. ಅದನ್ನು ಬರ್ಕೊಂಡ್ರಲ್ಲ."

ಮಂಗಳವಾರ, ಶುಕ್ರವಾರ ಮಾತ್ರ ಏಳರವರೆಗೆ ಎಂದು ನಿರ್ಣಯವಾಯಿತು. ಹೊರಗೆ ಅವರಿಗೆ ಧನ್ಯವಾದ ಹೇಳಿದೆ. ಯಾವ ಮನೆಯವರೆಂದು ಕೇಳಿದರು. ಬಾಡಿಗೆ ಕೋಣೆ ಎಂದೆ. ಹೌದಾ ಎಂದು ಜೀಪು ಹತ್ತಿದರು.

ಮಂಗಳವಾರ ಹೋದಾಗ ಗ್ರಂಥಪಾಲಕಿಯ ಚೀಲ ಮೇಜಿನ ಮೇಲೆ ಸಿದ್ಧವಿತ್ತು. ಏಳರ ಬಸ್ಸು ನಿಂತು ಎರಡು ತಿಂಗಳಾಯಿತಂತೆ. ಆರರದ್ದು ತಪ್ಪಿದರೆ ಅವರು ಮನೆಗೆ ನಡೆದೇ ಹೋಗಬೇಕು. ಐದಕ್ಕೆ ಮುಚ್ಚುವುದು ಏಕೆಂದು ನಾನು ಯಾರನ್ನೂ ಕೇಳಿರಲಿಲ್ಲ.

"ನೀವು ಓದಿ, ನನಗೆ ಅವಸರ ಎಂತ ಇಲ್ಲ," ಎಂದರು, ರಸ್ತೆಯ ಕಡೆ ನೋಡುತ್ತಾ.

ಐದು ಐವತ್ತಕ್ಕೆ ಪುಸ್ತಕ ಮುಚ್ಚಿ, ನನಗೂ ಕೆಲಸ ಉಂಟು ಎಂದು ಎದ್ದೆ. ಅವರು ಕೂಡಲೇ ಬೀಗ ತೆಗೆದುಕೊಂಡರು.

ಶುಕ್ರವಾರ ಬಸ್ಸಿಳಿದು ನೇರ ಕೋಣೆಗೆ ಹೋದೆ.