ಎರಡನೆಯ ಕೊಡದ ನೀರು

ನಾನು ಚಿಕ್ಕವಳಿದ್ದಾಗ ತುಂಬ ಒಳ್ಳೆಯ ಹುಡುಗಿಯಾಗಿದ್ದೆ ಎಂದು ನಿಮ್ಮಪ್ಪ ನಿಮಗೆ ಹೇಳಿರಬೇಕು. ಪಾಪ, ನನ್ನ ಮಗನಿಗೆ ಗೊತ್ತಿಲ್ಲ. ಇವತ್ತು ನಿಮಗೆ ಹೇಳುವ ಸಂಗತಿಯನ್ನು ನಾನು ಅವನಿಗೂ ಹೇಳಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತದೆ, ಆದರೆ ವಯಸ್ಸಾಯಿತು, ಇನ್ನು ಯಾವಾಗ ಹೇಳಲಿ?

ಆಗ ನಮ್ಮ ಮನೆ ನಿಪ್ಪಾಣಿಯಲ್ಲಿತ್ತು. ಅಪ್ಪ ಪೇಟೆಯಲ್ಲಿ ದರ್ಜಿ. ಬೀದಿ ತುಂಬ ತಂಬಾಕಿನ ಘಾಟು. ಹೊಸಬರು ಬಂದರೆ ಸೀನಿ ಸೀನಿ ಸುಸ್ತಾಗುತ್ತಿದ್ದರು, ನಮಗೆ ಮಾತ್ರ ಅದು ಮನೆಯ ವಾಸನೆ. ಬಾಗಿಲ ಮುಂದೆ ನಲ್ಲಿ, ಮರಾಠಿ ಕನ್ನಡ ಬೆರೆಸಿ ಮಾತಾಡುವ ಮೂವರು ಗೆಳತಿಯರು, ಕುಂಟೆಬಿಲ್ಲೆ ಆಡಲು ಒಂದು ಅಂಗಳ. ನನಗೆ ಅಷ್ಟು ಸಾಕಾಗಿತ್ತು. ಒಂದು ದಿನ ಶೇಡಬಾಳದ ಆಚೆಯ ಸಣ್ಣ ಊರೊಂದರಿಂದ ಇಬ್ಬರು ಬಂದು ಅಪ್ಪನ ಹೊಲಿಗೆ ಯಂತ್ರದ ಎದುರು ಕುಳಿತರು. ಅವರ ಊರಿನಲ್ಲಿ ನಮ್ಮ ಜೈನರ ಮನೆಗಳು ಏಳೇ ಏಳು. ಬಸದಿಯಲ್ಲಿ ಪೂಜೆ ಮಾಡುತ್ತಿದ್ದ ಹಿರಿಯರು ತೀರಿಹೋಗಿ ದಿನದ ಅಭಿಷೇಕವೇ ನಿಂತುಹೋಗಿತ್ತು.

"ದೇವರಿಗೆ ಒಂದ ತಂಬಿಗಿ ನೀರ ಹಾಕವ್ರ ಇಲ್ರಿ. ನೀವ ಬಂದ್ರ ನಮ್ಮ ಹುಡುಗೂರೂ ನಾಕ ಮಾತ ಕಲೀತಾವ," ಎಂದರು ಅವರಲ್ಲಿ ದೊಡ್ಡವರು.

ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಯಂತ್ರವನ್ನು ಲಾರಿಗೆ ಹೇರಿಸಿದ. ಹಗಲು ಹೊಲಿಗೆ ಮಾಡಿ ಹೊಟ್ಟೆ ಹೊರೆದರಾಯಿತು, ಬೆಳಿಗ್ಗೆ ಸಂಜೆ ಬಸದಿಯ ಸೇವೆ, ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ ಎಂದ. ಅವ್ವ ಹೂಂ ಅಂದಳು, ಅಕ್ಕ ಹೂಂ ಅಂದಳು, ನನ್ನನ್ನು ಯಾರೂ ಕೇಳಲಿಲ್ಲ. ಅಂಕಲಿ ದಾಟಿ ಕೃಷ್ಣೆಯ ಸೇತುವೆ ಬರುವವರೆಗೂ ನಾನು ಮೂತಿ ಉಬ್ಬಿಸಿಕೊಂಡೇ ಕುಳಿತಿದ್ದೆ.

ಆ ಊರಿನಲ್ಲಿ ನಲ್ಲಿ ಇರಲಿಲ್ಲ. ಬಸದಿಯ ಹಿಂದಿನ ಬಾವಿಯಿಂದ ನೀರು ಸೇದಬೇಕು. ನಮ್ಮಲ್ಲಿ ಸೋಸದ ನೀರನ್ನು ಬಳಸುವುದಿಲ್ಲ. ದಪ್ಪ ಅರಿವೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ನೀರು ಸುರಿಯಬೇಕು. ಅಷ್ಟಕ್ಕೇ ಮುಗಿಯಿತು ಎನ್ನಬೇಡಿ. ಅರಿವೆಯಲ್ಲಿ ಉಳಿದ ಸಣ್ಣ ಸಣ್ಣ ಜೀವಗಳನ್ನು ಸೋಸಿದ ನೀರಿನಿಂದ ತೊಳೆದು, ಬಿಂದಿಗೆಯಲ್ಲಿ ಕೆಳಗಿಳಿಸಿ, ಬಾವಿಯ ನೀರಿಗೆ ಮುಟ್ಟಿದ ಮೇಲೆ ಮೆಲ್ಲಗೆ ಬಗ್ಗಿಸಬೇಕು. ಮೇಲಿಂದ ಚೆಲ್ಲಿದರೆ ಅವಕ್ಕೆ ಪೆಟ್ಟಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಹಗ್ಗ ಹಿಡಿದು ಹಿಡಿದು ನನ್ನ ಅಂಗೈ ಕೆಂಪಾಗುತ್ತಿತ್ತು. ಆ ಹುಳಗಳ ಮೇಲೆ ನನಗೆ ಬಹಳ ಸಿಟ್ಟಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಒಬ್ಬರೇ ಇದ್ದರು. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಎರಡು ಎಮ್ಮೆ ಸಾಕಿದ್ದರು, ಕಣ್ಣು ಮಬ್ಬಾಗಿತ್ತು. ಶಾಲೆ ಬಿಟ್ಟು ಬಂದರೆ ಬಿಸಿ ರೊಟ್ಟಿಯ ಮೇಲೆ ತುಪ್ಪ ಸವರಿ ಕೊಡುತ್ತಿದ್ದರು. ಅವರ ಮನಸ್ಸಿನಲ್ಲಿ ಒಂದೇ ಆಸೆಯಿತ್ತು. ಸಾಯುವುದರೊಳಗೆ ಒಮ್ಮೆ ಮುನಿ ಮಹಾರಾಜರು ತಮ್ಮ ಮನೆಯಲ್ಲಿ ಊಟ ಮಾಡಬೇಕು.

ಅದು ಸುಲಭದ ಮಾತಲ್ಲ. ನಮ್ಮ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುತ್ತಾರೆ. ನೀರು ಕುಡಿಯುವುದೂ ಆಗಲೇ. ಬೊಗಸೆಯಲ್ಲಿ ಕೂದಲೋ ಸತ್ತ ಹುಳವೋ ಕಂಡರೆ ಊಟ ಅಲ್ಲಿಗೇ ನಿಂತುಹೋಗುತ್ತದೆ. ಅದನ್ನು ಅಂತರಾಯ ಎನ್ನುತ್ತಾರೆ. ಆಮೇಲೆ ಒಂದು ತುತ್ತಾಗಲಿ ಒಂದು ಗುಟುಕಾಗಲಿ ಮರುದಿನವೇ. ಆ ಊರಿನವರಿಗೆ ಈ ಕ್ರಮ ಗೊತ್ತಿಲ್ಲವೆಂದು ಮುನಿಗಳು ಅಲ್ಲಿ ಉಳಿಯುತ್ತಲೇ ಇರಲಿಲ್ಲ. ಅಪ್ಪ ಎರಡು ವರ್ಷ ಮನೆಮನೆಗೆ ಹೋಗಿ ಕಲಿಸಿದ. ಕೊನೆಗೆ ಒಂದು ಬೇಸಿಗೆಯಲ್ಲಿ, ಅಥಣಿಯ ಕಡೆಗೆ ಹೊರಟ ಮುನಿಯೊಬ್ಬರು ಒಂದು ದಿನ ನಮ್ಮಲ್ಲಿ ನಿಲ್ಲಲು ಒಪ್ಪಿದರು. ಅವರು ಯಾವ ಮನೆಯ ಮುಂದೆ ನಿಲ್ಲುತ್ತಾರೆಂದು ಮೊದಲೇ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ನಮ್ಮದೂ ಸೇರಿ ಎಂಟೂ ಮನೆಗಳಲ್ಲಿ ಅಡುಗೆಯಾಗಬೇಕು. ಆಯಿಯ ಮನೆಗೆ ಎರಡು ಕೊಡ ನೀರು ಸೋಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲನೆಯ ಕೊಡವನ್ನು ಕ್ರಮವಾಗಿಯೇ ಸೋಸಿದೆ. ಎರಡನೆಯದಕ್ಕೆ ಬಾವಿಗೆ ಬಂದಾಗ ಹುಡುಗರೆಲ್ಲ ಶೇಡಬಾಳದ ರಸ್ತೆಯ ಕಡೆ ಓಡುತ್ತಿದ್ದರು. ಮಹಾರಾಜರು ಬರುತ್ತಿದ್ದಾರೆ, ವಾದ್ಯದವರೂ ಇದ್ದಾರೆ ಎಂದರು. ನನಗೂ ಓಡಬೇಕಿತ್ತು. ಅರಿವೆ ಹೆಗಲ ಮೇಲೇ ಇತ್ತು. ನೀರು ಕಣ್ಣಿಗೆ ತಿಳಿಯಾಗಿ ಕಂಡಿತು. ಒಂದು ಕೊಡ ತಾನೇ, ಹೇಗೂ ಕುದಿಸುತ್ತಾರೆ ಎಂದುಕೊಂಡು ಸೇದಿದ್ದನ್ನು ಹಾಗೇ ಕೊಡಕ್ಕೆ ಸುರಿದೆ. ಅದನ್ನು ಆಯಿಯ ಒಲೆಯ ಪಕ್ಕ ಇಟ್ಟವಳೇ ಓಡಿದೆ. ಸೋಸದೆ ಕುದಿಸಿದರೆ ಅದರಲ್ಲಿರುವ ಜೀವಗಳು ಸಾಯುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪ ಊರಿಗೆಲ್ಲ ಕಲಿಸಿದ್ದು ಅದನ್ನೇ.

ಹತ್ತು ಗಂಟೆಯ ಹೊತ್ತಿಗೆ ಮುನಿಗಳು ಬಸದಿಯಿಂದ ಹೊರಟರು. ಮೈಮೇಲೆ ಒಂದೆಳೆ ನೂಲಿಲ್ಲ, ಕೈಯಲ್ಲಿ ಪಿಂಛಿ ಎನ್ನುವ ನವಿಲುಗರಿಯ ಕುಂಚ, ಮುಖದಲ್ಲಿ ಬಹಳ ದಣಿವು. ಎಲ್ಲ ಮನೆಗಳ ಮುಂದೆಯೂ ಜನ ಕಳಶ ಹಿಡಿದು ನಮಸ್ಕರಿಸುತ್ತ ಕರೆಯುತ್ತಿದ್ದರು. ಅವರು ಮೊದಲ ಮನೆ ದಾಟಿದರು, ನಮ್ಮ ಮನೆಯನ್ನೂ ದಾಟಿದರು, ಆಯಿಯ ಅಂಗಳದಲ್ಲಿ ನಿಂತರು. ಆಯಿಗೆ ಒಬ್ಬರಿಗೇ ಆಗುವ ಕೆಲಸವಲ್ಲ. ಅಪ್ಪ ಹೋಗಿ ಜೊತೆಗೆ ನಿಂತ, ಅವ್ವ, ಅಕ್ಕ, ನಾನೂ ನಿಂತೆವು. ಒಳಗೆ ಕರೆದುಕೊಂಡು ಹೋಗಿ ಪಾದ ತೊಳೆದ ಮೇಲೆ, ಊಟ ಬಡಿಸುವವರೆಲ್ಲ ಒಂದು ಮಾತು ಹೇಳಬೇಕು: ನಮ್ಮ ಮನಸ್ಸು ಶುದ್ಧವಾಗಿದೆ, ಮಾತು ಶುದ್ಧವಾಗಿದೆ, ಮೈ ಶುದ್ಧವಾಗಿದೆ, ಅನ್ನ ನೀರು ಶುದ್ಧವಾಗಿದೆ. ನಾನೂ ಹೇಳಿದೆ. ನೀರಿನ ಮಾತು ಬಂದಾಗ ನನ್ನ ದನಿ ಸ್ವಲ್ಪ ಸಣ್ಣದಾಯಿತು, ಅಷ್ಟೇ.

ನಾಲ್ಕು ತುತ್ತು ಆಗಿತ್ತು. ಆಯಿ ತಂಬಿಗೆಯಿಂದ ನೀರು ಎರೆದರು. ಮುನಿಗಳು ಬೊಗಸೆಯನ್ನು ಬಾಯಿಯ ಹತ್ತಿರ ತಂದು ನೋಡಿದರು. ಆಮೇಲೆ ಬೆರಳುಗಳನ್ನು ಬಿಡಿಸಿದರು. ನೀರು ಕೆಳಗಿನ ಪಾತ್ರೆಗೆ ಬಿತ್ತು. ಅಪ್ಪ ಬಗ್ಗಿ ನೋಡಿದ. ಪಾತ್ರೆಯ ತಳದಲ್ಲಿ ಎಳ್ಳಿಗಿಂತ ಸಣ್ಣ ಕೆಂಪು ಹುಳವೊಂದು ಬೆಂದು ಬಿದ್ದಿತ್ತು. ಮುನಿಗಳು ಕುಳಿತುಬಿಟ್ಟರು, ಆ ದಿನದ ಊಟ ಮುಗಿಯಿತು. ಹೊರಗೆ ವಾದ್ಯ ನಿಂತಿತು.

ಅಪ್ಪ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. "ಎರಡೂ ಕೊಡಾ ಸೋಸಿದ್ದಿ ಹೌದಿಲ್ಲ ಮಗಾ?" ಎಂದು ಕೇಳಿದ.

"ಸೋಸೀನಿ ಅಪ್ಪಾ," ಎಂದೆ.

ನಾನು ಇನ್ನೇನಾದರೂ ಹೇಳುವ ಮೊದಲೇ ಆಯಿ ಮುಂದೆ ಬಂದರು. "ಆ ಕೂಸಿಗೆ ಏನ ಕೇಳ್ತೀರಿ? ಕಾಸಾಕ ಇಟ್ಟಾಕಿ ನಾನ. ಮುಚ್ಚಳಾ ಮುಚ್ಚೂದು ಮರತಿರಬೇಕ. ಈ ಕಣ್ಣಿಗೆ ಏನ ಕಾಣತೈತಿ?" ಎಂದು ಮುನಿಗಳ ಮುಂದೆ ಕುಸಿದು ಕುಳಿತರು. "ಇವತ್ತಿಂದ ಹಾಲು ತುಪ್ಪಾ ಬಿಟ್ಟೀನ್ರಿ ಮಹಾರಾಜ್ರ. ಸಾಯೂ ತನಕಾ ಮುಟ್ಟೂದಿಲ್ಲ."

ತಪ್ಪು ಯಾರದೂ ಅಲ್ಲ, ತಮ್ಮ ಕರ್ಮವೇ ಹೀಗೆ ಅಡ್ಡ ಬಂತು ಎಂದು ಮುನಿಗಳು ಶಾಂತವಾಗಿ ಹೇಳಿದರು. ಆಯಿ ಕೇಳಲಿಲ್ಲ. ಹೆಂಗಸರಲ್ಲಿ ಒಬ್ಬರು, ಮುದುಕಿಯ ಮನೆಯಲ್ಲಿ ಅಡುಗೆ ಇಡಬಾರದಿತ್ತು ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಆಯಿಗೂ ಕೇಳಿಸಿತು. ನಾನು ಅಕ್ಕನ ಸೆರಗಿನ ಹಿಂದೆ ನಿಂತಿದ್ದೆ. ಹೇಳಿಬಿಡು, ಈಗ ಹೇಳಿಬಿಡು ಎಂದು ಮನಸ್ಸು ಹೇಳುತ್ತಲೇ ಇತ್ತು. ಹೇಳಿದರೆ ಕಲಿಸುವವನ ಮಗಳೇ ಹೀಗೆ ಮಾಡಿದಳು ಎಂದು ಅಪ್ಪನ ಮರ್ಯಾದೆ ಹೋಗುತ್ತದೆ ಎಂದು ನೆಪ ಮಾಡಿಕೊಂಡೆ. ನಿಜವಾಗಿ ನಾನು ಹೆದರಿದ್ದು ನನ್ನ ಮರ್ಯಾದೆಗೆ.

ನಾಲ್ಕು ಗಂಟೆಗೆ ಮುನಿಗಳು ಹೊರಟರು. ರಸ್ತೆಯ ಡಾಂಬರು ಬಿಸಿಲಿಗೆ ಇನ್ನೂ ಮೆತ್ತಗಿತ್ತು. ನೀರೂ ಕುಡಿಯದೆ, ಬರಿಗಾಲಲ್ಲಿ ಅವರು ಅದರ ಮೇಲೆ ನಡೆದು ಹೋಗುವುದನ್ನು ಊರ ಅಂಚಿನಲ್ಲಿ ನಿಂತು ನೋಡಿದೆ. ಆ ದಿನ ಮನೆಗೆ ಬಂದು ನೀರಿನ ಲೋಟ ಎತ್ತಿದವಳು ಹಾಗೇ ಕೆಳಗಿಟ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಹೇಗೋ ಮರೆಯುತ್ತಿದ್ದೆನೇನೋ. ಆಯಿ ಆಮೇಲೂ ನನ್ನ ರೊಟ್ಟಿಗೆ ತುಪ್ಪ ಸವರುತ್ತಿದ್ದರು, ತಮ್ಮದನ್ನು ಖಾರದ ಜೊತೆ ಒಣದಾಗಿ ತಿನ್ನುತ್ತಿದ್ದರು. ನಾನು ತಿಂದೆ. ಭಾದ್ರಪದದಲ್ಲಿ ನಮ್ಮ ಹತ್ತು ದಿನದ ಪರ್ವ ಬಂತು. ಅದು ಮುಗಿದ ಮೇಲೆ ನಮ್ಮವರು ಮನೆಮನೆಗೆ ಹೋಗಿ, ಚಿಕ್ಕವರು ದೊಡ್ಡವರು ಎನ್ನದೆ, ಕೈಮುಗಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಆಯಿ ನಮ್ಮ ಮನೆಗೆ ಬಂದವರು ಅಪ್ಪ ಅವ್ವನನ್ನು ಬಿಟ್ಟು ಮೊದಲು ನನ್ನ ಮುಂದೆ ನಿಂತರು.

"ಸಣ್ಣ ಕೈಲೇ ಅಷ್ಟ ಕಷ್ಟಪಟ್ಟ ನೀರ ತಂದಿದ್ದಿ. ನಾ ಎಲ್ಲಾ ಹಾಳ ಮಾಡಿದ್ನಿ. ನನ್ನ ಕ್ಷಮಾ ಮಾಡವಾ," ಎಂದು ಕೈಮುಗಿದರು.

ಹತ್ತು ವರ್ಷದ ಹುಡುಗಿ ನಾನು ತಲೆಯಾಡಿಸಿ, ಆಗಲಿ ಆಯಿ, ಕ್ಷಮಿಸಿದ್ದೇನೆ ಎಂದೆ. ಮಕ್ಕಳೇ, ನಾನು ಆಯಿಯನ್ನು ಕ್ಷಮಿಸಿದೆ.

ಈಗ ಆ ಕ್ಷಮೆ ಕೇಳುವ ದಿನ ಬಂದರೆ ನಿಮ್ಮ ಫೋನು ಬೆಳಗಿನಿಂದ ಟಣ್ ಟಣ್ ಎನ್ನುತ್ತಲೇ ಇರುತ್ತದೆ. ಕೈಮುಗಿದ ಚಿತ್ರವೊಂದನ್ನು ಒತ್ತಿ ಒಂದೇ ಸಲಕ್ಕೆ ಇನ್ನೂರು ಮಂದಿಗೆ ಕಳಿಸುತ್ತೀರಿ, ಅವರಲ್ಲಿ ಅರ್ಧ ಮಂದಿಯ ಮುಖವೂ ನಿಮಗೆ ನೆನಪಿರುವುದಿಲ್ಲ. ಹೋದ ವರ್ಷ ಅದನ್ನು ನೋಡಿ, ಇದೆಂಥ ಕ್ಷಮೆಯೋ ಎಂದು ನಿಮ್ಮನ್ನು ಗದರಿದ್ದೆ. ಗದರುವ ಯೋಗ್ಯತೆ ನನಗಿರಲಿಲ್ಲ. ನಿಮ್ಮ ಮಾತು ಗುರುತಿಲ್ಲದವರವರೆಗೂ ಹೋಗಿ ಮುಟ್ಟುತ್ತದೆ. ಆಯಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ ಇತ್ತು. ಅವರು ಕೆಮ್ಮಿದರೆ ನನಗೆ ಕೇಳುತ್ತಿತ್ತು. ಅವರು ತೀರಿಕೊಳ್ಳುವವರೆಗೂ, ಐದು ವರ್ಷ, ನಾನು ರೊಟ್ಟಿ ತಿನ್ನಲು ಗೋಡೆಯ ಆಚೆಗೆ ಹೋಗುತ್ತಲೇ ಇದ್ದೆ. ಆ ಒಂದು ಮಾತು ಮಾತ್ರ ಹೇಳಲಿಲ್ಲ.