ಅಜ್ಜಿ ಬಚ್ಚಿಟ್ಟ ಬಂದೂಕಿನ ರಸೀದಿ

ಅಜ್ಜನ ಕೈ ಗೋಡೆಯ ಗೂಟಕ್ಕೆ ಹೋಯಿತು. ಗೂಟ ಖಾಲಿ ಇತ್ತು.

ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಅಜ್ಜಿ ಇದನ್ನು ಎಷ್ಟು ಸಲ ಹೇಳಿದ್ದಾಳೆ ಅಂದರೆ, ಅಜ್ಜನ ಊರು ಹದಡಿಯ ಆ ನಡುಮನೆ, ಅರ್ಧಕ್ಕೆ ಬಿಟ್ಟೆದ್ದ ಊಟದ ತಟ್ಟೆ, ಎಲ್ಲವನ್ನೂ ನಾನೇ ನಿಂತು ನೋಡಿದ ಹಾಗೆ...

ಅರವತ್ತರ ದಶಕ. ಭದ್ರಾ ನಾಲೆಯ ನೀರು ನಮ್ಮ ಕಡೆಗೆ ಹೊಸದಾಗಿ ಬಂದಿತ್ತು. ನೀರಿನ ಬೆನ್ನಿಗೇ ನೀರಿನ ಜಗಳವೂ ಬಂತು.

ಅಜ್ಜನ ಗದ್ದೆ, ಲೋಕಿಕೆರೆಯ ಬಸಪ್ಪನ ಗದ್ದೆ, ಎರಡೂ ಒಂದೇ ಕಾಲುವೆಯ ಮೇಲೆ, ನೀರು ಪಾಳಿಯ ಪ್ರಕಾರ. ಬಸಪ್ಪ ಬೇರೆ ಯಾರೂ ಅಲ್ಲ, ನನ್ನ ಅಜ್ಜಿಯ ಒಡಹುಟ್ಟಿದ ತಮ್ಮ.

ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಒಂದು ಬಂದೂಕಿತ್ತು. ಹಂದಿ ಓಡಿಸೋಕೆ ಅಂತ. ಹಂದಿ ಬರದ ದಿನವೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಾ ಕೂರುತ್ತಿದ್ದನಂತೆ.

ಒಂದು ದಿನ ಹಾಗೆ ಒರೆಸುತ್ತಲೇ ಅಂದ: "ನಿನ್ನ ತಮ್ಮಗೆ ಹೇಳು. ನನ್ನ ಪಾಳಿಯಾಗ ತೂಬು ಮುಟ್ಟಿದ್ರೆ, ಹಂದಿಗೂ ಅವನಿಗೂ ಫರಕು ನೋಡಲ್ಲ ನಾನು."

ರೊಟ್ಟಿ ತಟ್ಟುತ್ತಿದ್ದ ಅಜ್ಜಿಯ ಕೈ ಒಂದು ಗಳಿಗೆ ನಿಂತಿತು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಬೇಕು ಅಂತ ಆರ್ಡರ್. ಅಜ್ಜ ಗೊಣಗುತ್ತಾ ದಾವಣಗೆರೆಗೆ ಹೋಗಿ, ಕೊಟ್ಟು, ರಸೀದಿ ತಂದ.

ಎಲೆಕ್ಷನ್ ಮುಗಿಯಿತು. ರಸೀದಿ ಕಾಣೆ!

ಅಜ್ಜ ಮನೆಯನ್ನೆಲ್ಲ ಜಾಲಾಡಿದ. ಬರಿಗೈಲಿ ಸ್ಟೇಷನ್ನಿಗೆ ಹೋದರೆ ಪೊಲೀಸಪ್ಪ ಕೊಡುತ್ತಾನೆಯೇ? "ಮೊದ್ಲು ರಸೀದಿ ತರ್ರಿ ಯಜಮಾನ್ರೆ. ಇಲ್ಲಾಂದ್ರ ಅರ್ಜಿ ಬರೀರಿ, ಸಾಹೇಬ್ರು ನೋಡ್ತಾರೆ."

ಅರ್ಜಿ ಬರೆಸುವುದು ಇವತ್ತು ನಾಳೆ ಅಂತ ಮುಂದೆ ಹೋಗುತ್ತಿತ್ತು. ಬದಲಿಗೆ ಅಜ್ಜ ಹರಕೆ ಹೊತ್ತ. ರಸೀದಿ ಸಿಕ್ಕರೆ ಹರಿಹರದ ದೇವರಿಗೆ ಐದು ತೆಂಗಿನಕಾಯಿ. ದಿನಾ ಬೆಳಿಗ್ಗೆ ಸ್ನಾನ ಮಾಡಿ ದೇವರ ಪಟದ ಮುಂದೆ ನಿಂತು ಅದನ್ನೇ ಬೇಡುತ್ತಿದ್ದ.

ರಸೀದಿ ಅದೇ ಪಟದ ಹಿಂದಿತ್ತು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ನೇರಳೆ ಬಣ್ಣದ ಮೊಹರು ನೋಡಿ ಗುರುತು ಹಿಡಿದಿದ್ದಳು. ಅಜ್ಜನ ಅಂಗಿ ಒಗೆಯುವ ಮುಂಚೆ ಜೇಬಿನಿಂದ ತೆಗೆದಿದ್ದಳು, ಅಷ್ಟೇ.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಮೊನ್ನೆ ನಮ್ಮ ಎಂ.ಎ. ಗೆಳೆಯರ ಗ್ರೂಪಿನಲ್ಲಿ ಎರಡು ದಿನ ಒಂದೇ ವಾದ. ಬಂದೂಕಿಗೆ ಕಡಿವಾಣ ಹಾಕಿದ ದೇಶಗಳಲ್ಲಿ ಕೊಲೆ ಕಡಿಮೆಯಾಗಿದೆಯಾ, ಇಲ್ಲವಾ? ಆ ದೇಶ, ಈ ದೇಶ, ಅಂಕಿ ಸಂಖ್ಯೆ...

ವಕೀಲನಾಗಿರುವ ಗೆಳೆಯ ಬರೆದ: "ಕೊಲ್ಲೋನಿಗೆ ಬಂದೂಕೇ ಬೇಕಾ? ಮನೇಲಿ ಸಲಿಕೆ ಇರಲ್ವಾ?"

ಇರುತ್ತದೆ. ನಮ್ಮ ಅಜ್ಜನ ಮನೆಯಲ್ಲೂ ಇತ್ತು.

ಆವತ್ತು ಮಧ್ಯಾಹ್ನ ಅಜ್ಜ ಊಟಕ್ಕೆ ಕೂತಿದ್ದ. ಬಸಪ್ಪ ತೂಬು ತಿರುಗಿಸಿದ ಅಂತ ಯಾರೋ ಬಾಗಿಲಲ್ಲಿ ನಿಂತು ಕೂಗಿದರು. ಅಜ್ಜ ಕೈಯನ್ನೂ ತೊಳೆಯದೆ ಎದ್ದ. ಆ ಕೈ ಅಭ್ಯಾಸಬಲದಿಂದ ಬಂದೂಕಿನ ಗೂಟಕ್ಕೆ ಹೋಯಿತು... ಮುಂದಿನದು ಹೇಳಿದೆನಲ್ಲ.

ಮೂಲೆಯಲ್ಲಿದ್ದ ಸಲಿಕೆ ಹಿಡಿದು ಹೊರಟ. ಗದ್ದೆಗೆ ಒಂದು ಮೈಲಿ. ಬಿಸಿಲು. ಅಜ್ಜಿ ದೇವರ ಮುಂದೆ ಕೂತವಳು ಎದ್ದೇ ಇಲ್ಲ.

ಸಂಜೆಯ ಹೊತ್ತಿಗೆ ಜಗಲಿಯ ಮೇಲೆ ಎರಡು ಕೆಸರಿನ ಗೊಂಬೆಗಳು ಕೂತಿವೆ. ಕಣ್ಣೊಂದು ಬಿಟ್ಟು ಬೇರೇನೂ ಕಾಣದೆ, ಯಾರು ಯಾರೆಂದು ತಿಳಿಯದು.

"ಬಿಸಿನೀರು ಕಾಸೇ," ಅಂತಾನೆ ಒಬ್ಬ. "ಅಕ್ಕಾ, ನಂಗೂ," ಅಂತಾನೆ ಇನ್ನೊಬ್ಬ.

ಆಮೇಲೆ ಅಜ್ಜನೇ ಹೇಳಿದ್ದು: "ಸಲಿಕೆ ಎತ್ತಿದ್ದೆ ಕಣೇ. ಹತ್ರ ಹೋದೆ. ನೋಡ್ತೀನಿ, ಬಡ್ಡಿಮಗಂದು ನಿನ್ನ ಮೂಗೇ! ಹೆಂಗೆ ಹೊಡೀಲಿ? ಸಲಿಕೆ ಒಗೆದು ಕುತ್ತಿಗೆ ಪಟ್ಟಿ ಹಿಡಿದೆ, ಇಬ್ರೂ ಕಾಲುವಿಗೆ ಬಿದ್ವಿ."

ಇಬ್ಬರೂ ಉಣ್ಣಲು ಕೂತಾಗ ಅಜ್ಜಿ ಆ ರಸೀದಿ ತಂದು ಅಜ್ಜನ ತಟ್ಟೆಯ ಪಕ್ಕದಲ್ಲಿಟ್ಟಳು.

"ದೇವರ ಪಟದ ಹಿಂದೆ ನಾನೇ ಬಚ್ಚಿಟ್ಟಿದ್ದು. ಬೈತೀರಾ, ಬೈರಿ. ಒಂದೇ ಗುಂಡಿಗೆ ನನ್ನ ತವರೂ ಹೋಗ್ತಿತ್ತು, ಗಂಡನೂ ಜೈಲಿಗೆ ಹೋಗ್ತಿದ್ದ."

ಅಜ್ಜ ರಸೀದಿ ಎತ್ತಿ ಆ ನೇರಳೆ ಮೊಹರು ನೋಡಿದ, ತಿರುಗಿ ಪಟ ನೋಡಿದ. ಬಸಪ್ಪನಿಗೆ ತಡೆಯಲಾಗಲಿಲ್ಲ. ಬಾಯಿತುಂಬ ಅನ್ನ ಇಟ್ಟುಕೊಂಡೇ, "ಭಾವ, ನೀ ದಿನಾ ಕೈ ಮುಗಿದಿದ್ದು ಇದಕ್ಕಾ?" ಅಂದ.

ಮೊದಲು ನಕ್ಕವನು ಅಜ್ಜನೇ ಅಂತೆ.

ಅಜ್ಜ ಬಂದೂಕು ತರಲು ಹೋಗಲಿಲ್ಲ. ಲೈಸೆನ್ಸ್ ಮುಗಿಯಿತು, ರಿನ್ಯೂ ಮಾಡಿಸಲಿಲ್ಲ. ಹಂದಿಗೆ ತಮಟೆ ಸಾಕಾಯಿತು. ನೀರಿನ ಪಾಳಿ ಬಗ್ಗೆ ಅವರಿಬ್ಬರೂ ಸಾಯುವ ತನಕ ಕಿತ್ತಾಡಿದರು, ಬಾಯಲ್ಲೇ.

ಆ ಜಗಳದ ಮುಂದಿನ ಸೋಮವಾರ ಮಾತ್ರ ಅಜ್ಜ ಬಸಪ್ಪನನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಐದೂ ಕಾಯಿ ಒಡೆಸಿ ಬಂದ. ರಸೀದಿ ಸಿಕ್ಕಿತಲ್ಲ, ಅದಕ್ಕಾ ಅಂತ ಅಜ್ಜಿ ಕೇಳಿದಳು.

"ಸಿಕ್ಕಿದ್ದಕ್ಕಲ್ಲ. ಆವತ್ತು ಸಿಗದೇ ಇದ್ದದ್ದಕ್ಕೆ."

ದೇಶದೇಶಗಳ ಲೆಕ್ಕ ನನಗೆ ತಿಳಿಯದು. ಒಂದು ಮನೆಯ ಕಥೆಯಿಂದ ಒಂದು ದೇಶದ ಕಥೆ ಬರೆಯಲಾಗದು ಅನ್ನುವುದೂ ಗೊತ್ತು. ಆದರೆ ಗುಂಡು ದೂರದಿಂದಲೇ ಹೋಗುತ್ತದೆ, ಸಲಿಕೆ ಹಿಡಿದವನು ಹತ್ತಿರ ಹೋಗಬೇಕು. ಹತ್ತಿರ ಹೋದರೆ ಮುಖ ಕಾಣುತ್ತದೆ. ಎಲ್ಲರೂ ಮುಖ ನೋಡಿ ನಿಲ್ಲುವುದಿಲ್ಲ, ನಿಜ. ನನ್ನ ಅಜ್ಜ ನಿಂತ.

ರಸೀದಿ ಈಗ ನನ್ನ ಹತ್ತಿರ, ನಾನು ಹೆಚ್ಚು ಓದುವ ಕವನಗಳ ಪುಸ್ತಕದಲ್ಲಿದೆ. ಮೊಹರು ಮಾಸಿದೆ. ಅದರ ಫೋಟೋ ತೆಗೆದು, ಈ ಕಥೆ ಬರೆದು ಗ್ರೂಪಿಗೆ ಹಾಕಿದೆ.

ವಕೀಲ ಗೆಳೆಯ ಕೈ ಮುಗಿಯುವ ಒಂದು ಚಿತ್ರ ಹಾಕಿದ. ರಸೀದಿಗೆ ಕೈ ಮುಗಿದವರಲ್ಲಿ ಅವನು ಎರಡನೆಯವನು!

ನಿಮ್ಮ ಹಿರಿಯರ ಮನೆಯಲ್ಲೂ ಹೀಗೆ ಜೀವ ಉಳಿಸಿದ ಒಂದು ಖಾಲಿ ಗೂಟ ಇತ್ತಾ?